ಡಿಕ್ಕಿಯೊಳಗಿನ ಪರದೆ

ಬಟನ್ ಒತ್ತಿದರೆ ಹುಡ್ಡು, ಅಂದರೆ ಮೇಲಿನ ಬಟ್ಟೆಯ ಛಾವಣಿ, ತಾನಾಗಿಯೇ ಮೇಲೆದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುವ ಕಾರೊಂದನ್ನು ನಾನು ಮುದಿವಯಸ್ಸಿನಲ್ಲಿ ಎರಡು ವರ್ಷ ಓಡಿಸಿದೆ. ಆ ಹುಡ್ಡು ಒಂದು ದಿನ ತೆರೆಯಲಿಲ್ಲ. ತಪ್ಪು ನನ್ನದು. ಅದನ್ನು ನಾನು ನನ್ನ ಗೆಳೆಯನ ಮೇಲೆ ಹಾಕಿದೆ. ಇಷ್ಟು ಮೂರು ಮಾತು ಹೇಳುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಹೇಳಿ ಆದ ಮೇಲೆ ಬರೆದೂ ಇಡಬೇಕೆನ್ನಿಸಿದೆ.

ನಮ್ಮಪ್ಪ ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದವನು. ಶಿಫ್ಟಿನ ಭೋಂಗಾ ಕೂಗಿದರೆ ಏಳುವುದು, ಕೂಗಿದರೆ ಉಣ್ಣುವುದು. ಅದು ನನಗೆ ಬೇಡವೆಂದು ಎಸ್ಸೆಸ್ಸೆಲ್ಸಿ ಮುಗಿಸಿದವನೇ ಲಾರಿ ಹತ್ತಿದೆ. ಬಿದಿರು, ಕಟ್ಟಿಗೆ, ಆಮೇಲೆ ಕಾಗದದ ಉರುಳೆಗಳು, ಹೀಗೆ ನಲವತ್ತು ವರ್ಷ ಸಾಗಿಸಿದೆ. ಆ ನಲವತ್ತು ವರ್ಷವೂ ನನ್ನ ಗಾಡಿ ಕೆಟ್ಟಾಗ ಮಲಗಿ ಕೆಳಗೆ ಹೋದವನು ಒಬ್ಬನೇ. ಅವನನ್ನು ಊರಿಗೆ ಊರೇ ಮಿಸ್ತ್ರಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಗ್ಯಾರೇಜು, ಅದರ ಹಿಂದೆಯೇ ಮನೆ. ನನಗಿಂತ ಎರಡು ವರ್ಷ ಹಿರಿಯ. ಅವನಿಗೊಂದು ರೂಢಿಯಿತ್ತು. ಯಾವುದೇ ನಟ್ಟನ್ನು ಪಾನಾ ಹಾಕಿ ತಿರುವಿ ಬಿಗಿ ಮಾಡಿದ ಮೇಲೆ ಅದೇ ಪಾನಾದಿಂದ ಅದರ ತಲೆಗೆ ಒಂದು ಸಲ ಟಕ್ ಎಂದು ಬಡಿಯುತ್ತಿದ್ದ. ಅಷ್ಟೇ. ಕೈ ಒರೆಸಿಕೊಂಡು ಎದ್ದುಬಿಡುತ್ತಿದ್ದ. ಮತ್ತೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವನು ಹಾಗೆ ಬಡಿದ ನಟ್ಟು ಘಟ್ಟದಲ್ಲಿ ಸಡಿಲಾದದ್ದು ನನಗೆ ಗೊತ್ತಿಲ್ಲ.

ಲಾರಿ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಹಳಿಯಾಳದ ಸಾವ್ಕಾರರೊಬ್ಬರು ಕರೆಸಿದರು. ಅವರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಕಾಡು ನೋಡಲು ಬರುವವರಿಗೆ ಜೀಪು ಬಿಡುವುದು, ಮದುವೆಗೆ ಪೆಂಡಾಲು, ಖುರ್ಚಿ ಕೊಡುವುದು ಅವರ ವ್ಯಾಪಾರ. ಗೋವಾದಿಂದ ಒಂದು ಹಳೆಯ ಕೆಂಪು ಕಾರು ತಂದಿದ್ದರು. ಬಟ್ಟೆಯ ಹುಡ್ಡು, ಎರಡೇ ಬಾಗಿಲು. ಮದುಮಕ್ಕಳ ಮೆರವಣಿಗೆಗೆ ಈ ಸೀಮೆಯಲ್ಲಿ ಇಂಥದ್ದು ಯಾರ ಹತ್ತಿರವೂ ಇಲ್ಲವೆಂದು ಅವರ ಹೆಮ್ಮೆ.

"ಕಾಕಾ, ಹರೇದ ಡ್ರೈವರಗೋಳ ಕೈಯಾಗ ಇದನ್ನ ಕೊಡಾಂಗಿಲ್ಲ ನಾ. ನೀವ ನಡಸಬೇಕು," ಎಂದರು. ನಾನು ಉಬ್ಬಿಹೋದೆ.

ಮೊದಲ ಮದುವೆ ಮುಂಡಗೋಡ ತಾಲೂಕಿನ ಮಳಗಿಯಲ್ಲಿ. ಅದರ ಹಿಂದಿನ ದಿನ ಕಾರನ್ನು ಮಿಸ್ತ್ರಿಯ ಹತ್ತಿರ ಒಯ್ದೆ. ಹುಡ್ಡನ್ನು ಎತ್ತುವ ಪಂಪಿನ ಪೈಪು ಸೋರುತ್ತಿತ್ತು. ಅವನು ಇಂಥ ಕಾರನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಆದರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಅದರ ಹೊಟ್ಟೆಯೊಳಗೆ ಇಣುಕಿ ಇಣುಕಿ, ಪೈಪು ಬದಲಿಸಿ, ಆಯಿಲ್ ತುಂಬಿ, ಮೂರು ಸಲ ತೆಗೆದು ಹಾಕಿ ತೋರಿಸಿದ. ಓಣಿಯ ಮಕ್ಕಳೆಲ್ಲ ಚಪ್ಪಾಳೆ ಹೊಡೆದವು.

ಆಮೇಲೆ ಡಿಕ್ಕಿ ತೆಗೆದು ಒಂದು ಮಾತು ಹೇಳಿದ. ಡಿಕ್ಕಿಯೊಳಗೆ ಕಪ್ಪು ಬಟ್ಟೆಯ ಒಂದು ಪರದೆ ಅಡ್ಡಲಾಗಿರುತ್ತದೆ. ಪರದೆಯ ಕೆಳಗಿನ ಜಾಗ ಸಾಮಾನಿಗೆ, ಮೇಲಿನ ಜಾಗ ಹುಡ್ಡಿಗೆ. ಪರದೆಯ ಎರಡು ತುದಿಯ ಕೊಂಡಿಗಳು ಕೆಳಗೆ ಸಿಕ್ಕಿರಬೇಕು. ಕೊಂಡಿ ಬಿಚ್ಚಿ ಪರದೆ ಮೇಲೆ ಸರಿಸಿದರೆ ಹುಡ್ಡು ಅಲ್ಲಾಡುವುದಿಲ್ಲ. ಮಡಚಿಕೊಂಡು ಬಂದು ಸಾಮಾನಿನ ಮೇಲೆ ಬೀಳಬಾರದೆಂದು ಕಾರು ಮಾಡಿದವರು ಹಾಗೆ ಮಾಡಿದ್ದಾರೆ.

"ತಿಳೀತಿಲ್ಲೋ?" ಎಂದ.

"ತಿಳೀತು," ಎಂದೆ.

ತಿಳಿದಿರಲಿಲ್ಲ. ಎದುರಿನ ಅಂಗಡಿಯಲ್ಲಿ ಮಿರ್ಚಿ ಬಜಿ ಎತ್ತುತ್ತಿದ್ದರು, ನನ್ನ ಲಕ್ಷ್ಯ ಅಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ನಲವತ್ತು ವರ್ಷ ಸ್ಟೀರಿಂಗ್ ಹಿಡಿದವನಿಗೆ ಡಿಕ್ಕಿ ಹೇಗೆ ತೆಗೆಯಬೇಕೆಂದು ಇವನು ಕಲಿಸುವುದೇನು ಎಂಬ ಸೊಕ್ಕು.

ಮಳಗಿಯಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಅಕ್ಕಿಕಾಳು ಬಿದ್ದವು, ಊಟವಾಯಿತು. ಮದುಮಕ್ಕಳು ತೆರೆದ ಕಾರಿನಲ್ಲಿ ಹನುಮಪ್ಪನ ಗುಡಿಗೆ ಮೆರವಣಿಗೆ ಹೋಗಿ, ಅಲ್ಲಿಂದ ಹಾಗೆಯೇ ಹಳಿಯಾಳಕ್ಕೆ, ಗಂಡನ ಮನೆಗೆ ಹೊರಡುವುದೆಂದು ಮಾತಾಗಿತ್ತು. ಕಾರಿಗೆ ಚೆಂಡುಹೂವಿನ ಸರ ಕಟ್ಟಿದ್ದರು. ನಾನು ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ.

ಆಗ ಮದುಮಗಳ ಸೋದರತ್ತೆ ಬುತ್ತಿಯ ಬುಟ್ಟಿಗಳನ್ನು ಹೊರಿಸಿಕೊಂಡು ಬಂದಳು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಖಡಕ್ ರೊಟ್ಟಿ, ಐದು ಥರದ ಚಟ್ನಿಪುಡಿ ಎಲ್ಲ ಸೇರಿ ನಾಲ್ಕು ದೊಡ್ಡ ಬುಟ್ಟಿ. ಹಿಂದಿನ ಟೆಂಪೋದಲ್ಲಿ ಇಡಿರೆಂದೆ.

"ಅಯ್ಯ, ಬುತ್ತಿ ಮದುಮಗಳ ಗಾಡ್ಯಾಗ ಹೋಗಬೇಕ್ರೀ ಯಣ್ಣಾ. ಟೆಂಪೋದಾಗ ಹಾಕಿ ಕಳಿಸಾಕ ಅದೇನ ಸಿಮೆಂಟೇನು?"

ಡಿಕ್ಕಿ ತೆಗೆದೆ. ಎರಡು ಬುಟ್ಟಿ ಹಿಡಿದವು. ಮೂರನೆಯದಕ್ಕೆ ಪರದೆ ಅಡ್ಡ ಬಂತು. ನಾನೇ ಈ ಕಡೆಯ ಕೊಂಡಿ ಬಿಚ್ಚಿದೆ, ಆ ಕಡೆಯ ಕೊಂಡಿಯನ್ನೂ ಬಿಚ್ಚಿದೆ, ಪರದೆಯನ್ನು ಮೇಲೆ ಒತ್ತಿ ನಾಲ್ಕೂ ಬುಟ್ಟಿ ಕೂಡಿಸಿದೆ. ಅತ್ತೆ ಅವುಗಳ ಮೇಲೆ ಅರಿಸಿನ ಕುಂಕುಮ ಹಾಕಿ ಕೈ ಮುಗಿದಳು. "ಇನ್ನ ಗಂಡನ ಮನಿ ಹೊಸ್ತಿಲ ಮುಟ್ಟೂತನಕ ಇವನ್ನ ಕೆಳಗ ಇಳಸಂಗಿಲ್ಲ ನೋಡ್ರಿ," ಎಂದಳು. ಡಿಕ್ಕಿ ಹಾಕಿದೆ.

ಮದುಮಕ್ಕಳು ಹಿಂದೆ ಕುಳಿತರು. ಬ್ಯಾಂಡಿನವರು ಶುರು ಮಾಡಿದರು. ನಾನು ಮುಂದಿನ ಗಾಜಿನ ಮೇಲಿನ ಎರಡು ಚಿಲಕ ಬಿಚ್ಚಿ, ಎಲ್ಲರೂ ನೋಡಲೆಂದು ಒಂದು ಕ್ಷಣ ತಡೆದು, ಬಟನ್ ಒತ್ತಿದೆ.

ಏನೂ ಆಗಲಿಲ್ಲ.

ಮತ್ತೆ ಒತ್ತಿದೆ. ಎಂಜಿನ್ ಬಂದ್ ಮಾಡಿ ಚಾಲೂ ಮಾಡಿ ಒತ್ತಿದೆ. ಚಿಲಕ ಹಾಕಿ ಬಿಚ್ಚಿ ಒತ್ತಿದೆ. ಬ್ಯಾಂಡಿನವರು ಒಂದು ಹಾಡು ಮುಗಿಸಿ ನನ್ನ ಮುಖ ನೋಡಿ ಇನ್ನೊಂದು ಶುರು ಮಾಡಿದರು.

ಜನ ಹತ್ತಿರ ಬಂದರು. ಒಬ್ಬ ಹುಡ್ಡಿನ ಮೇಲೆ ಗುದ್ದಿ ನೋಡಿದ. ಇನ್ನೊಬ್ಬ, "ಡ್ರೈವರಣ್ಣಾ, ತೆಗಿಯಾಕ ಬರೂದಿಲ್ಲಂದ್ರ ಹೇಳ್ರಿ. ನಮ್ಮ ಟ್ರ್ಯಾಕ್ಟರ್ ತರತೇನಿ, ಅದಕ್ಕ ಮ್ಯಾಲ ಏನೂ ಇಲ್ಲ!" ಎಂದ. ಎಲ್ಲರೂ ನಕ್ಕರು. ಸೋದರತ್ತೆ ಆರತಿ ತಟ್ಟೆ ಹಿಡಿದು, "ಈಗ ನಾ ಕಿಟಕ್ಯಾಗಿಂದ ಆರತಿ ಮಾಡ್ಲೇನು, ಬಸ್ಸಿನ್ಯಾಗಿನವರಿಗೆ ಶೇಂಗಾ ಮಾರಿದಂಗ?" ಎಂದಳು. ಮದುಮಗನ ಪೇಟದ ತುರಾಯಿ ಹುಡ್ಡಿಗೆ ತಾಗಿ ಬಗ್ಗಿತ್ತು. ಅವನು ಪಾಪ ಮೆಲ್ಲಗೆ, "ಕಾಕಾ, ಎ.ಸಿ.ಯರ ಹಚ್ಚರಿ," ಎಂದ.

ನನ್ನ ಬಿಳಿ ಅಂಗಿ ಬೆವರಿನಿಂದ ತೊಯ್ದಿತ್ತು. ಫೋನ್ ತೆಗೆದು, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಮಿಸ್ತ್ರಿಗೆ ಹಚ್ಚಿದೆ.

"ಏನ ಮಾಡಿ ಕಳಿಸಿಯೋ ಮಾರಾಯಾ? ಮಂದಿ ಮುಂದ ನನ್ನ ಮಾನ ಕಳದಿ!"

ಅವನು ಸಿಟ್ಟಾಗಲಿಲ್ಲ. "ಬಟನ್ ಒತ್ತಿದರ ಹಿಂದ ಪಂಪ್ ಗುಂಯ್ ಅಂತೈತ್ಯಾ?" ಎಂದು ಕೇಳಿದ.

"ಏನೂ ಅನ್ನೂದಿಲ್ಲ."

"ಹಂಗಾರ ಡಿಕ್ಕಿ ನೋಡು. ಪರದಿ ಕೆಳಗ ಐತಿಲ್ಲೊ? ಎರಡೂ ಕೊಂಡಿ ಸಿಕ್ಕಾವಿಲ್ಲೊ?"

ಆ ಕ್ಷಣ ನನಗೆ ಇಂದಿಗೂ ನೆನಪಿದೆ. ಡಿಕ್ಕಿ ಮೂರು ಹೆಜ್ಜೆ ಹಿಂದಿತ್ತು. ಹೋಗಿ ನೋಡಬಹುದಿತ್ತು. ಆದರೆ ಬುತ್ತಿ ಇಳಿಸಬೇಕೆಂದರೆ ಅತ್ತೆಯ ಬಾಯಿ ಮುಚ್ಚಿಸುವವರಿಲ್ಲ. ಮುಂದಿರುವ ಹುಡ್ಡು ತೆರೆಯದಿರುವುದಕ್ಕೂ ಹಿಂದಿರುವ ಒಂದು ಬಟ್ಟೆಯ ತುಂಡಿಗೂ ಏನು ಸಂಬಂಧ ಎಂದೂ ಅನ್ನಿಸಿತು.

"ಐತಿ. ಎಲ್ಲಾ ಸರಿ ಐತಿ," ಎಂದೆ.

"ನೋಡಿ ಹೇಳಾಕತ್ತೀಯೊ?"

"ನೋಡೇ ಹೇಳಾಕತ್ತೇನಿ!"

ಅವನು, "ಹಂಗಾರ ನಂದ ಏನರ ತಪ್ಪಿರಬೇಕಪಾ," ಎಂದ. ಮಳಗಿಯ ಜನ, ಬ್ಯಾಂಡಿನವರು, ಮದುಮಕ್ಕಳು ಎಲ್ಲರೂ ಅದನ್ನು ಕೇಳಿದರು. ಮಾನ ಹೋದದ್ದು ನನ್ನದಲ್ಲ, ಮಿಸ್ತ್ರಿಯದು ಎಂದಾಯಿತು. ನನಗೆ ಹಗುರಾಯಿತು. ಮದುಮಕ್ಕಳು ಮುಚ್ಚಿದ ಕಾರಿನಲ್ಲೇ ಗುಡಿಗೆ ಹೋದರು.

ಸಂಜೆ ಹಳಿಯಾಳದಲ್ಲಿ ಬುತ್ತಿ ಇಳಿಸಿ ಕಾರನ್ನು ದಾಂಡೇಲಿಗೆ ತಂದೆ. ಬೆಳಿಗ್ಗೆ ಹುಬ್ಬಳ್ಳಿಯ ದೊಡ್ಡ ಗ್ಯಾರೇಜಿಗೆ ಒಯ್ಯಬೇಕೆಂದು ಸಾವ್ಕಾರರು ಹೇಳಿದ್ದರು. ಮರುದಿನ ಹೊರಡುವ ಮೊದಲು ಒರೆಸೋಣವೆಂದು ಊರ ಹೊರಗಿನ ಮೌಳಂಗಿಯ ಹತ್ತಿರ ಹೊಳೆದಂಡೆಯ ನೆರಳಿನಲ್ಲಿ ನಿಲ್ಲಿಸಿದೆ. ಡಿಕ್ಕಿಯಲ್ಲಿ ಎಳ್ಳು, ಚಟ್ನಿಪುಡಿ ಚೆಲ್ಲಿತ್ತು. ಅದನ್ನು ಝಾಡಿಸಿ, ಜೋತುಬಿದ್ದ ಪರದೆಯನ್ನು ಕೆಳಗೆ ಎಳೆದು ಕೊಂಡಿ ಹಾಕಿದೆ. ಒಂದು ಟಕ್ ಎಂದಿತು, ಇನ್ನೊಂದು ಟಕ್ ಎಂದಿತು. ಆಗ ಮಿಸ್ತ್ರಿಯ ಮಾತು, ಬಜಿಯ ವಾಸನೆಯ ಸಮೇತ, ಪೂರ್ತಿಯಾಗಿ ನೆನಪಿಗೆ ಬಂತು.

ಹೋಗಿ ಬಟನ್ ಒತ್ತಿದೆ. ಗುಂಯ್ ಎಂದಿತು. ಹುಡ್ಡು ಎದ್ದು, ಮಡಚಿ, ಹಿಂದೆ ಹೋಗಿ ಮಲಗಿತು. ತಲೆಯ ಮೇಲೆ ಮರದ ಎಲೆಗಳು, ಅವುಗಳ ನಡುವೆ ಆಕಾಶ. ಹೊಳೆಯ ಸಪ್ಪಳ ಕೇಳಿಸಿತು. ನಾನು ಸೀಟಿನಲ್ಲಿ ಬಹಳ ಹೊತ್ತು ಕುಳಿತೆ.

ಅಲ್ಲಿಂದ ಮಿಸ್ತ್ರಿಯ ಗ್ಯಾರೇಜಿಗೆ ಹತ್ತು ನಿಮಿಷದ ಹಾದಿ. ಹೋಗಿ, "ಕತ್ತೆ ನಾನು, ಪರದೆ ಬಿಚ್ಚಿದ್ದೆ" ಎಂದಿದ್ದರೆ ಬೈದು, ಚಹಾ ತರಿಸಿ, ವರ್ಷಗಟ್ಟಲೆ ಆಡಿಕೊಂಡು ನಗುತ್ತಿದ್ದ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಾನು ಕಾರನ್ನು ಹಳಿಯಾಳದ ಕಡೆ ತಿರುಗಿಸಿದೆ.

ತೆರೆದ ಕಾರು ನೋಡಿ ಸಾವ್ಕಾರರು ಓಡಿಬಂದರು. "ಅಯ್ಯ ಕಾಕಾ! ಹೆಂಗ ಮಾಡಿದ್ರಿ?"

"ಮಿಸ್ತ್ರಿ ಒಂದ ವೈರ್ ಸಡ್ಲ ಬಿಟ್ಟಿದ್ದರಿ. ನಾ ಹಿಡದ ಹಾಕಿದೆ," ಎಂದೆ.

ಹಾದಿಯುದ್ದಕ್ಕೂ ಯೋಚಿಸಿ ಕಟ್ಟಿಕೊಂಡು ಬಂದ ಮಾತು ಅದಲ್ಲ. ಹಾಗೆಯೇ ಬಾಯಿಂದ ಬಂತು. ನನ್ನ ಬಾಯಿಗೆ ಸುಳ್ಳು ಅಷ್ಟು ಸಲೀಸೆಂದು ನನಗೇ ಗೊತ್ತಿರಲಿಲ್ಲ.

"ವಯಸ್ಸಾತ ಬಿಡ್ರಿ ಅವರಿಗೆ. ಕಣ್ಣ ಕಾಣಸಂಗಿಲ್ಲ," ಎಂದರು ಸಾವ್ಕಾರರು. ಅಂದಿನಿಂದ ಅವರ ಜೀಪುಗಳು ಮಿಸ್ತ್ರಿಯ ಓಣಿಗೆ ಹೋಗಲಿಲ್ಲ. ದಾಂಡೇಲಿಯ ಜೀಪ್ ಸ್ಟ್ಯಾಂಡಿಗೂ ಸುದ್ದಿ ಮುಟ್ಟಿತು. ಯಾರ ಗಾಡಿ ಎಲ್ಲಿ ನಿಂತರೂ, "ಮಿಸ್ತ್ರಿ ಕಡೆ ಹೋಗಿದ್ದೇನು? ವೈರ್ ನೋಡಕೋ ಮತ್ತ," ಎಂದು ನಗುವುದು ರೂಢಿಯಾಯಿತು. ನಾನೂ ಅಲ್ಲಿ ಕುಳಿತಿರುತ್ತಿದ್ದೆ. ಕೆಲವು ಸಲ ನಾನೂ ನಕ್ಕಿದ್ದೇನೆ.

ವಾರದ ನಂತರ, ಶುಕ್ರವಾರ ನಮಾಜು ಮುಗಿಸಿ, ಮಿಸ್ತ್ರಿ ನನ್ನ ಮನೆಗೆ ಬಂದ. ಜಗಳಕ್ಕೆ ಬಂದನೆಂದು ನಾನು ಹೆದರಿದೆ. ಅವನು ಕಟ್ಟೆಯ ಮೇಲೆ ಕುಳಿತು, ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ್ದು ಒಂದೇ ಮಾತು.

"ಯಾವ ವೈರ್ ಅದು?"

ನಾನು ಎದುರಿಗಿದ್ದ ಹಗ್ಗದ ಮೇಲೆ ಒಣಗುತ್ತಿದ್ದ ಹಳದಿ ಟವೆಲು ನೋಡಿದೆ. "ಹಳದಿ," ಎಂದೆ.

"ಹಳದಿ..." ಅವನು ಕಣ್ಣು ಮುಚ್ಚಿದ. ಅವನ ಬೆರಳುಗಳು ಗಾಳಿಯಲ್ಲಿ ಪೈಪು ಬಿಚ್ಚುತ್ತಿದ್ದವು, ಹಾಕುತ್ತಿದ್ದವು. ಆ ದಿನದ ಕೆಲಸವನ್ನೆಲ್ಲ ಮತ್ತೆ ಮಾಡಿ ನೋಡುತ್ತಿದ್ದ. "ಹಳದಿ ವೈರಿಗೆ ನಾ ಕೈನ ಹಚ್ಚಿಲ್ಲಲ್ಲೋ," ಎಂದ. ಕಣ್ಣು ತೆರೆದು, "ಹಚ್ಚಿರಬೇಕು. ಪರದಿ ಸರಿ ಇತ್ತಂದ್ರ ಮತ್ತೇನಿರತೈತಿ? ನೆನಪ ಹಾರಾಕತ್ತೈತಿ ನನಗ," ಎಂದ. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು ಹೋದ.

ಅವನು ನನ್ನನ್ನು ನಂಬಿದ, ತನ್ನ ಕೈಯನ್ನು ನಂಬಲಿಲ್ಲ. ನಾನು ಮಾಡಿದ್ದೇನೆಂದು ಆ ದಿನ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಮುಂದಿನ ದಿನಗಳಲ್ಲಿ ಅವನ ಗ್ಯಾರೇಜಿನಲ್ಲಿ ಕೂತು ನೋಡಿದೆ. ನಟ್ಟು ಬಿಗಿ ಮಾಡಿ ಟಕ್ ಎನ್ನಿಸುತ್ತಿದ್ದ, ಏಳುತ್ತಿದ್ದ, ಮತ್ತೆ ಕೂತು ಟಕ್ ಎನ್ನಿಸುತ್ತಿದ್ದ. ಹೊರಟ ಸ್ಕೂಟರನ್ನು ಓಣಿಯ ತುದಿಯಿಂದ ಕೂಗಿ ಕರೆದು ಇನ್ನೊಮ್ಮೆ ನೋಡುತ್ತಿದ್ದ. ಅವನ ಹೆಂಡತಿ ಒಮ್ಮೆ ನನ್ನನ್ನು ಬಾಗಿಲಲ್ಲಿ ತಡೆದು, "ಭಾಯಿಸಾಬ, ಇವರಿಗೆ ಏನಾಗೇತಿ ಕೇಳ್ರಲಾ. ಚಾ ಇಳಿಸಿದ ಮ್ಯಾಲ ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಮೂರ ಸಲ ಎದ್ದ ನೋಡತಾರ," ಎಂದಳು. ಕೇಳುತ್ತೇನೆ ಭಾಬಿ ಎಂದೆ.

ಕೊನೆಗೆ ಅವನು ಬ್ರೇಕಿನ ಕೆಲಸ ಬಿಟ್ಟ. "ಬ್ರೇಕ್ ಅಂದ್ರ ಮಂದಿ ಜೀವ. ನನ್ನ ಕೈಗೆ ಬ್ಯಾಡ," ಎಂದ. ಆಮೇಲೆ ಎಂಜಿನ್ ಬಿಟ್ಟ. ಗ್ಯಾರೇಜಿನ ಅರ್ಧವನ್ನು ಪಂಕ್ಚರ್ ಹಾಕುವವನಿಗೆ ಕೊಟ್ಟು ಉಳಿದರ್ಧದಲ್ಲಿ ಸುಮ್ಮನೆ ಕೂರತೊಡಗಿದ. ಪಾನಾಗಳು ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುತ್ತಿದ್ದವು. ನಾನು ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಹೇಳಬೇಕೆಂದೇ ಹೋಗುತ್ತಿದ್ದೆ. ಚಹಾ ಕುಡಿದು ಬರುತ್ತಿದ್ದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಾನೂ ಗಾಡಿ ಓಡಿಸುವುದು ಬಿಟ್ಟೆ.

ಈ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ಕೆಂಪು ಕಾರಿನ ಈಗಿನ ಡ್ರೈವರ್, ಜೋಯಿಡಾ ಕಡೆಯ ಕೊಂಕಣಿಯವನು, ನಲವತ್ತರ ಆಸುಪಾಸಿನವನು. ಜೋಯಿಡಾದ ಹೊರಗಿನ ಒಂದು ಹೋಂಸ್ಟೇಯಲ್ಲಿ ಕಾರು ನಿಂತಿದೆ, ಹುಡ್ಡು ತೆರೆಯುತ್ತಿಲ್ಲ, ಮಧ್ಯಾಹ್ನ ಮದುವೆಯ ಜೋಡಿಯ ಫೋಟೋ ತೆಗೆಯುವವರು ಬರುತ್ತಾರೆ ಎಂದ.

"ಮಾಮಾ, ಆವತ್ತ ನೀವ ಹಿಡದ ಹಾಕಿದ್ರಂತಲ್ಲ ಹಳದಿ ವೈರ್, ಅದು ಎಲ್ಲೈತಿ? ಸಾವ್ಕಾರ್ರು ನಿಮ್ಮನ್ನ ಕೇಳು ಅಂದ್ರು. ಒಂದ ತಾಸಿಂದ ಹುಡಕಾಕತ್ತೇನಿ, ಹಳದಿ ವೈರ್ ಅನ್ನೂದ ಇಲ್ಲ."

ಆ ಸುಳ್ಳು, ಮಿಸ್ತ್ರಿಗೆ ನಾನು ಹೇಳಿದ ಬಣ್ಣದ ಸಮೇತ, ಮೂರು ವರ್ಷ ಊರೆಲ್ಲ ತಿರುಗಿ ನನ್ನ ಕಿವಿಗೇ ಬಂದಿತ್ತು. ಬರುತ್ತೇನೆಂದೆ. ನೇರವಾಗಿ ಮಿಸ್ತ್ರಿಯ ಹತ್ತಿರ ಹೋದೆ.

"ನಾ ಒಲ್ಲೆ," ಎಂದ. "ನೀನ ಹೋಗು. ಹಿಡದ ಹಾಕಾಂವ ನೀ ಅಲ್ಲೇನು?" ಅವನು ಚುಚ್ಚಲೆಂದು ಹೇಳಲಿಲ್ಲ, ನಿಜವೆಂದೇ ಹೇಳಿದ. ಅದೇ ಹೆಚ್ಚು ಚುಚ್ಚಿತು.

"ನೀ ಕೈ ಹಚ್ಚಬ್ಯಾಡ. ಬಾಜೂಕ ನಿಂದರು ಸಾಕು. ಹೋಗೂಣು ಬಾ," ಎಂದೆ. ಭಾಬಿ ಒಳಗಿನಿಂದ, "ಕರಕೊಂಡ ಹೋಗ್ರಿ, ಗೋಡಿ ನೋಡಕೊಂತ ಕುಂದರತಾರ ಇಲ್ಲೆ," ಎಂದಳು. ಬರಿಗೈಯಲ್ಲಿ ಬಾಗಿಲವರೆಗೆ ಬಂದವನು ಮರಳಿ ಹೋಗಿ ಒಂದು ಸಣ್ಣ ಪಾನಾ, ಒಂದು ಸ್ಕ್ರೂಡ್ರೈವರ್ ಚೀಲದಲ್ಲಿ ಹಾಕಿಕೊಂಡ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಹೇಳಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಅವನು, "ಕೆಮ್ಮಿಗೆ ಔಷಧ ತಗೋ," ಎಂದ.

ಕಾರು ಒಂದು ಹಲಸಿನ ಮರದ ಕೆಳಗೆ ನಿಂತಿತ್ತು. ಮಿಸ್ತ್ರಿ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತ. ನಾನು ಡ್ರೈವರನ ಕೈಯಿಂದ ಕೀಲಿ ಇಸಿದುಕೊಂಡು, ಬಟನ್ ಒತ್ತಿಯೂ ನೋಡದೆ, ಹಿಂದೆ ಹೋಗಿ ಡಿಕ್ಕಿ ತೆಗೆದೆ. ಕೈ ತಾನಾಗಿಯೇ ಪರದೆಗೆ ಹೋಯಿತು. ಎರಡೂ ಕೊಂಡಿ ಸರಿಯಾಗಿ ಸಿಕ್ಕಿದ್ದವು. ಬಿಚ್ಚಿ ಮತ್ತೆ ಹಾಕಿದೆ. ಟಕ್, ಟಕ್. ಬಂದು ಬಟನ್ ಒತ್ತಿದೆ. ಹುಡ್ಡು ಅಲ್ಲಾಡಲಿಲ್ಲ.

ತಲೆ ಎತ್ತಿದಾಗ ಮಿಸ್ತ್ರಿ ನನ್ನನ್ನೇ ನೋಡುತ್ತಿದ್ದ.

"ಹುಡ್ಡ ಮುಂದ ಐತಿ. ಬಟನ್ ಮುಂದ ಐತಿ," ಎಂದ. "ವೈರಿಂದ ಕೆಲಸಂತ ಬಂದಾಂವ ನೀ. ಮೊದಲ ಡಿಕ್ಕಿಗೆ ಯಾಕ ಹೋದಿ?"

ನಾನು ಕೀಲಿಯನ್ನು ಡ್ರೈವರನಿಗೆ ಮರಳಿ ಕೊಟ್ಟೆ.

"ಪರದಿ ಯಾಕ ನೋಡಿದಿ?"

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಮಳಗಿಯಲ್ಲಿ ಬುತ್ತಿ ತುಂಬಲು ನಾನೇ ಕೊಂಡಿ ಬಿಚ್ಚಿದ್ದು, ನೋಡದೆ ನೋಡಿದೆ ಎಂದದ್ದು, ಮೌಳಂಗಿಯಲ್ಲಿ ಗೊತ್ತಾದದ್ದು, ಗೊತ್ತಾದ ಮೇಲೆ ಸಾವ್ಕಾರರಿಗೆ ಹೇಳಿದ್ದು, ಯಾವುದನ್ನೂ ಬಿಡಲಿಲ್ಲ.

"ಎಷ್ಟ ಕೊಂಡಿ ಬಿಚ್ಚಿದ್ದಿ?"

"ಎರಡೂ."

"ಹಳದಿ ವೈರು?"

"ಅಂಥಾದ್ದ ಇಲ್ಲ. ಟವೆಲ್ ನೋಡಿ ಹೇಳಿದ್ದೆ."

ಅವನು ಮತ್ತೆ ಕೇಳಿದ. "ನಾ ಏನೂ ಸಡ್ಲ ಬಿಟ್ಟಿರಲಿಲ್ಲಾ?"

"ಏನೂ ಬಿಟ್ಟಿರಲಿಲ್ಲ."

ಅವನು ಹೋಗಿ ಹಲಸಿನ ಬೇರಿನ ಮೇಲೆ ಕುಳಿತ. ನನಗೆ ಬೆನ್ನು ಮಾಡಿ ಕುಳಿತ. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದ. ಅರ್ಧ ತಾಸು ಕಳೆದಿರಬಹುದು. ಡ್ರೈವರ್ ಒಮ್ಮೆ ನನ್ನ ಮುಖ, ಒಮ್ಮೆ ಅವನ ಬೆನ್ನು ನೋಡಿ, "ಮಾಮಾ, ಸಿಟ್ಟ ಮಾಡಕೊಳ್ಳಾಕ ಇಬ್ಬರೂ ಟಿಕೀಟ್ ತಗಸಿಕೊಂಡ ಇಲ್ಲಿತನಕ ಬಂದೀರೇನು? ಫೋಟೋದವರು ಬರ್ತಾರ್ರೀ," ಎಂದ.

ಮಿಸ್ತ್ರಿ ಎದ್ದು ಬಂದ. ನನ್ನ ಕಡೆ ನೋಡದೆ, "ಸಾವ್ಕಾರಗ ಫೋನ್ ಹಚ್ಚು. ಅವತ್ತಿನಂಗ ಸ್ಪೀಕರ್ ಹಾಕು," ಎಂದ.

ಹಚ್ಚಿದೆ. ಡ್ರೈವರನಿಗೂ, ಹೋಂಸ್ಟೇಯ ಅಡುಗೆಯ ಹೆಂಗಸಿಗೂ ಕೇಳುವಂತೆ ಎಲ್ಲವನ್ನೂ ಮತ್ತೆ ಹೇಳಿದೆ. ಸಾವ್ಕಾರರು ಆ ಕಡೆಯಿಂದ, "ಮೂರ ವರ್ಷದ ಹಿಂದಿಂದಾ? ಹೋಗ್ಲಿ ಬಿಡ್ರಿ ಕಾಕಾ, ಅದನ್ನೇನ ಈಗ? ಹುಡ್ಡ ತೆಗಿತೋ ಇಲ್ಲೋ, ಅದನ್ನ ಹೇಳ್ರಿ," ಎಂದರು.

ಮಿಸ್ತ್ರಿ ಮೂಗಿನಲ್ಲಿ ಒಂದು ಸಲ ನಕ್ಕ. ಅವನ ಮೂರು ವರ್ಷ ಅವರಿಗೆ ಅಷ್ಟೇ ಆಗಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಗೆ ಮಾಡಿದವನು ನಾನು.

ಆಮೇಲೆ ಅವನು ತೋಳು ಮಡಚಿದ. ಹಾರ್ನ್ ಒತ್ತಿ ಕೇಳಿದ, ದನಿ ತುಂಬಿಕೊಂಡು ಬಂತು. ಬ್ಯಾಟರಿ ಸರಿ ಇದೆ ಎಂದ. ಡ್ರೈವರನಿಗೆ ಬಟನ್ ಒತ್ತಲು ಹೇಳಿ, ಹಿಂದೆ ಹೋಗಿ ಪಂಪಿನ ಜಾಗಕ್ಕೆ ಕಿವಿಯಿಟ್ಟ. ಸದ್ದಿಲ್ಲ. "ಹುಡ್ಡ ಕೆಟ್ಟಿಲ್ಲ. ತೆಗಿ ಅಂತ ಅದಕ್ಕ ಯಾರೂ ಹೇಳವಲ್ಲರು," ಎಂದ. ಫ್ಯೂಜು ನೋಡಿದ. ಆಮೇಲೆ ಮುಂದಿನ ಗಾಜಿನ ಮೇಲೆ ಹುಡ್ಡು ಬಂದು ಕೂರುವ ಜಾಗಕ್ಕೆ ಬಂದ. ಅಲ್ಲಿ ಚಿಲಕ ಇಳಿಯುವ ಎರಡು ಸಣ್ಣ ಗುಳಿಗಳಿವೆ. ಚಿಲಕ ಬಿಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ಪುಟ್ಟ ಸ್ವಿಚ್ಚು ಆ ಗುಳಿಯ ತಳದಲ್ಲಿದೆ. ಚಿಲಕ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಗುಳಿಗೆ ಕಣ್ಣು ಹಚ್ಚಿ ನೋಡಿದ.

"ಅವ್ವಾ, ತಲ್ಯಾಗಿನ ಪಿನ್ ಒಂದ ಕೊಡ್ರಿ," ಎಂದು ಅಡುಗೆಯ ಹೆಂಗಸಿನಿಂದ ಪಿನ್ನು ಇಸಿದುಕೊಂಡ. ಅದರಿಂದ ಕೆದಕಿ ಕೆದಕಿ ಒಂದು ಕಾಳು ಹೊರಗೆ ತೆಗೆದ. ಅರಿಸಿನ ಹಚ್ಚಿದ ಅಕ್ಕಿಕಾಳು. ಆಮೇಲೆ ಇನ್ನೊಂದು. ಆಮೇಲೆ ಒಂದು ಅರ್ಧ ಕಾಳು. ತೆರೆದ ಕಾರಿನಲ್ಲಿ ಕೂತ ಎಷ್ಟೋ ಮದುಮಕ್ಕಳ ಮೇಲೆ ಎರಚಿದ ಅಕ್ಕಿ ಜಾರಿ ಬಂದು ಗುಳಿಯಲ್ಲಿ ಕೂತು, ಸ್ವಿಚ್ಚನ್ನು ಒತ್ತಿ ಹಿಡಿದಿತ್ತು. ಚಿಲಕ ಬಿಚ್ಚಿದರೂ ಹಾಕಿಯೇ ಇದೆ ಎಂದು ಕಾರು ತಿಳಿದಿತ್ತು.

"ಈ ಕಾರ್ ಮಾಡಿದಾವರು ನಮ್ಮ ಮಂದಿ ಮದವಿ ನೋಡಿಲ್ಲ," ಎಂದ. ಡ್ರೈವರ್ ಗಟ್ಟಿಯಾಗಿ ನಕ್ಕ. ನಾನು ನಗಲಿಲ್ಲ. ನಗಲು ನನಗೆ ಅಪ್ಪಣೆ ಇದೆಯೋ ಇಲ್ಲವೋ ತಿಳಿಯಲಿಲ್ಲ.

ಸ್ವಿಚ್ಚಿನ ಸುತ್ತ ಒರೆಸಿ, ಸಡಿಲಾಗಿದ್ದ ಅದರ ಸ್ಕ್ರೂ ಬಿಗಿ ಮಾಡಿದ. ಚೀಲದಿಂದ ಪಾನಾ ತೆಗೆದು ಅದರ ತಲೆಗೆ ಟಕ್ ಎಂದು ಒಂದು ಸಲ ಬಡಿದ. ಎರಡನೆಯ ಸಲ ಬಡಿಯುತ್ತಾನೋ ಎಂದು ನಾನು ನೋಡಿದೆ. ಅವನು ಕೈ ಒರೆಸಿಕೊಂಡು, ಪಿನ್ನನ್ನು ಹೆಂಗಸಿಗೆ ಮರಳಿ ಕೊಟ್ಟು, ನೀರಿನ ನಲ್ಲಿಯ ಕಡೆ ನಡೆದುಬಿಟ್ಟ. ತಿರುಗಿ ನೋಡಲಿಲ್ಲ. ಅವನ ಬೆನ್ನ ಹಿಂದೆ ಡ್ರೈವರ್ ಬಟನ್ ಒತ್ತಿದ. ಪಂಪು ಗುಂಯ್ ಎಂದಿತು, ಹುಡ್ಡು ಎದ್ದಿತು. ಅವನು ಆಗಲೂ ನೋಡಲಿಲ್ಲ, ಕೈ ತೊಳೆಯುತ್ತಿದ್ದ.

ಮರಳುವ ಬಸ್ಸಿನಲ್ಲಿ ಅವನು ಮುಂದೆ ಕುಳಿತ. ನಾನು ಹಿಂದೆ ಕುಳಿತೆ. ಅವನ ಪಕ್ಕದ ಸೀಟು ದಾಂಡೇಲಿಯವರೆಗೆ ಖಾಲಿಯೇ ಇತ್ತು. ಇಳಿದ ಮೇಲೆ, "ನಾಳಿ ಜೀಪ್ ಸ್ಟ್ಯಾಂಡಿಗೆ ಹೋಗಿ ಹೇಳು. ನಾ ಬರೂದಿಲ್ಲ," ಎಂದು ಹೋದ.

ಹೋಗಿ ಹೇಳಿದೆ. ಕೆಲವರು ನಕ್ಕರು. ನನ್ನ ಮಗನ ವಯಸ್ಸಿನ ಒಬ್ಬ, "ಥೂ ನಿಮ್ಮ, ದೊಡ್ಡಾವರಂತ ದೊಡ್ಡಾವರು," ಎಂದು ಎದ್ದುಹೋದ. ಅವನು ಅಂದದ್ದು ಸರಿಯಾಗಿತ್ತು. ಒಬ್ಬಿಬ್ಬರು ಅದೇ ವಾರ ತಮ್ಮ ಜೀಪುಗಳನ್ನು ಮಿಸ್ತ್ರಿಯ ಓಣಿಗೆ ತಿರುಗಿಸಿದರೆಂದು ಆಮೇಲೆ ತಿಳಿಯಿತು.

ಮಿಸ್ತ್ರಿ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಾನು ಕ್ಷಮೆ ಕೇಳಿದ್ದೇನೆ, ಅವನು ಕೊಟ್ಟಿಲ್ಲ. ಕೊಡಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೂ ಬೆಳಗಿನ ಚಹಾ ಮುಗಿಸಿ ಆ ಓಣಿಯಲ್ಲಿ ಒಂದು ಸುತ್ತು ಹೋಗುತ್ತೇನೆ. ಗ್ಯಾರೇಜಿನ ಎದುರಿಗೆ ಬಂದಾಗ ನಡಿಗೆ ನಿಧಾನ ಮಾಡುತ್ತೇನೆ. ಜೀಪಿನ ಕೆಳಗಿಂದ ಅವನ ಕಾಲುಗಳು ಮಾತ್ರ ಕಾಣುತ್ತವೆ. ಒಳಗಿನಿಂದ ಟಕ್ ಎಂದು ಒಂದು ಸಲ ಕೇಳಿಸುತ್ತದೆ. ನಿಂತು ಕಾಯುತ್ತೇನೆ. ಎರಡನೆಯದು ಬರುವುದಿಲ್ಲ. ಅಷ್ಟು ಕೇಳಿಕೊಂಡು ಮನೆಗೆ ಬರುತ್ತೇನೆ.